ರಂಜಕದ ಲೆಕ್ಕವಿಟ್ಟ ಸುಬ್ಬರಾವ್

ನಾವು ಚಿಂತಿಸುವಾಗಲೂ ನಿದ್ರಿಸುವಾಗಲೂ ಮಿದುಳು ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತದೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಿನಷ್ಟಿರುವ ಈ ಅಂಗವು, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲನ್ನು ತಾನೊಂದೇ ಬಳಸುತ್ತದೆ. ಆ ವ್ಯಯಕ್ಕೆ ಒದಗುವ ಕೈಗಾಸು ಎ.ಟಿ.ಪಿ.; ಅದು ಕರಗಿದಂತೆಲ್ಲ ತುಂಬಿಕೊಡುವ ಇಡುಗಂಟು ಫಾಸ್ಫೋಕ್ರಿಯಾಟಿನ್. ಎರಡರಲ್ಲಿಯೂ ರಂಜಕವಿದೆ. ಈ ಎರಡರ ಶೋಧನೆಯಲ್ಲಿಯೂ ಪಾಲುಗೊಂಡವರು ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್.

ಅವರು ಜನಿಸಿದ್ದು 1895ರ ಜನವರಿ 12ರಂದು, ಭೀಮಾವರಂನಲ್ಲಿ. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು; ಆಂಗ್ಲ ಪ್ರಾಧ್ಯಾಪಕರ ಮುನಿಸಿಗೆ ಗುರಿಯಾದರು. ಪೂರ್ಣ ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಸ್ಪ್ರೂ ಎಂಬ ಕರುಳಿನ ವ್ಯಾಧಿ ಅವರ ಇಬ್ಬರು ಸೋದರರನ್ನು ಕೊಂಡೊಯ್ದಿತ್ತು. ಆ ದುಃಖವನ್ನು ಹೊತ್ತೇ 1923ರಲ್ಲಿ ಬಾಸ್ಟನ್ ಸೇರಿದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಯ ಚಾಕರಿ ಮಾಡಿದರು.

ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಅವರೊಡನೆ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ದ್ರಾವಣ ನೀಲಿಗಟ್ಟುತ್ತದೆ, ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಆದರೆ ಸ್ನಾಯುವಿನ ಸಾರವನ್ನು ಪರೀಕ್ಷಿಸಿದಾಗ ಆ ನೀಲಿ ಬರಬೇಕಾದ ವೇಗದಲ್ಲಿ ಬರಲಿಲ್ಲ. ಆತುರಗಾರನಾದರೆ ಕೈತಪ್ಪೆಂದು ಚೆಲ್ಲಿಬಿಡುತ್ತಿದ್ದ. ಇವರು ಕಾದರು. ಆಮ್ಲದಲ್ಲಿ ಮೆಲ್ಲಮೆಲ್ಲನೆ ಒಡೆದು ರಂಜಕವನ್ನು ಬಿಟ್ಟುಕೊಡುತ್ತಿದ್ದ ವಸ್ತುವೊಂದು ಅಲ್ಲಿತ್ತು. 1927ರಲ್ಲಿ ಅದು ಫಾಸ್ಫೋಕ್ರಿಯಾಟಿನ್ ಎಂದು ತಿಳಿಯಿತು. ಲಂಡನ್ನಿನಲ್ಲಿ ಎಗಲ್‌ಟನ್ ದಂಪತಿಗಳೂ ಅದೇ ವರ್ಷ ಅದನ್ನು ಕಂಡಿದ್ದರು. 1929ರಲ್ಲಿ ಎ.ಟಿ.ಪಿ. ಬೆಳಕಿಗೆ ಬಂತು, ಜರ್ಮನಿಯ ಲೋಮನ್ ಕೂಡ ಆಗಲೇ ಅದನ್ನು ಮುಟ್ಟಿದ್ದರು.

ಇಷ್ಟಾದರೂ ಹಾರ್ವರ್ಡ್ ಅವರಿಗೆ ಸ್ಥಿರವಾದ ಹುದ್ದೆಯನ್ನು ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಪ್ರಯೋಗಶಾಲೆಗೆ ಹೋದರು. ಅಲ್ಲಿ 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸೋದರರನ್ನು ಕೊಂದ ವ್ಯಾಧಿಗೇ ಅದು ಔಷಧಿಯಾಯಿತು! ಆನೆಕಾಲು ರೋಗದ ಮದ್ದೂ ಅಲ್ಲಿಯೇ ಹುಟ್ಟಿತು. ಬಿಟ್ಟುಬಂದ ಪತ್ನಿಯನ್ನಾಗಲಿ ತಾಯ್ನಾಡನ್ನಾಗಲಿ ಅವರು ಮತ್ತೆ ಕಾಣಲಿಲ್ಲ. 1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ತೀರಿಕೊಂಡರು.

ಸುಬ್ಬರಾಯರ ಅಳತೆಗೆ ಅಂಗಾಂಶವನ್ನು ಕತ್ತರಿಸಿ ಅರೆಯಬೇಕಿತ್ತು; ಜೀವಂತ ಮಿದುಳಿಗೆ ಅದು ಸಲ್ಲದು. ಆ ತಡೆಯನ್ನು ನೀಗಿದ್ದು ಕಾಂತೀಯ ಅನುರಣನ ರೋಹಿತದರ್ಶನ. ರಂಜಕದ ಪರಮಾಣುಬೀಜವು ಕಿರಿದಾದೊಂದು ಅಯಸ್ಕಾಂತ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ತರಂಗದಿಂದ ಅದನ್ನು ಕೆಣಕಿದರೆ ಮಾರ್ನುಡಿಯುತ್ತದೆ. ಎ.ಟಿ.ಪಿ.ಯ ದನಿ ಬೇರೆ, ಫಾಸ್ಫೋಕ್ರಿಯಾಟಿನ್ನಿನ ದನಿ ಬೇರೆ. 1974ರಲ್ಲಿ ಆಕ್ಸ್‌ಫರ್ಡಿನಲ್ಲಿ ಇಲಿಯ ಸ್ನಾಯುವಿನಿಂದ ಈ ದನಿಗಳು ಕೇಳಿಬಂದವು. 1983ರ ಹೊತ್ತಿಗೆ ಲಂಡನ್ನಿನಲ್ಲಿ ನವಜಾತ ಶಿಶುಗಳ ಮಿದುಳಿನಿಂದ.

ಆ ಶಿಶುಗಳು ಕಲಿಸಿದ ಪಾಠ ದೊಡ್ಡದು. ಹುಟ್ಟುವಾಗ ಉಸಿರುಗಟ್ಟಿದ ಕೂಸಿನ ಮಿದುಳಿನಲ್ಲಿ ಫಾಸ್ಫೋಕ್ರಿಯಾಟಿನ್ ಮೊದಲ ದಿನ ನೆಟ್ಟಗೇ ಕಾಣಬಹುದು, ಕುಗ್ಗುವುದು ಆಮೇಲೆ. ಆ ನಡುವಣ ಗಂಟೆಗಳಲ್ಲಿಯೇ ಮಗುವನ್ನು ಉಳಿಸಿಕೊಳ್ಳಬೇಕೆಂದು ವೈದ್ಯರು ಅರಿತರು. ಮೈಯನ್ನು ತಂಪಾಗಿರಿಸುವ ಚಿಕಿತ್ಸೆಗೆ ಅದು ದಾರಿಯಾಯಿತು. ತಡವಾಗಿ ಬಂದ ನೀಲಿಗಾಗಿ ಒಬ್ಬರು ಅಂದು ಕಾದು ನಿಂತರು. ಅವರು ಕಂಡ ವಸ್ತು ಇಂದು ತೊಟ್ಟಿಲ ಕೂಸಿಗೆ ಕಾಲಾವಕಾಶವನ್ನು ದೊರಕಿಸಿಕೊಟ್ಟಿದೆ.