ಪೊರೆ ಪೂರ್ತಿ ಬಲಿತ ಮೇಲೇ ಆಪರೇಷನ್ ಮಾಡಿಸಬೇಕೇ? ಡಾ. ಎಂ.ಸಿ. ಮೋದಿ ಅವರ ಕಾಲದ ಮಾತು, ಈಗಿನ ಅಪಾಯ

ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆ ಹಿರಿಯರ ಕಣ್ಣಿಗೆ ಮೋತಿಬಿಂದು ಬಂದರೆ ಮನೆಯಲ್ಲಿ ಮೊದಲು ಬರುವ ಮಾತು: ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ. ಇದು ಪೂರ್ತಿ ಸುಳ್ಳಲ್ಲ, ಹಳೆಯ ಕಾಲದ ಸತ್ಯ. ಆ ಕಾಲ ತಿಳಿಯಬೇಕಾದರೆ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ ಅವರನ್ನು ನೆನೆಯಬೇಕು.

ಮೋದಿ ಹುಟ್ಟಿದ್ದು 1916ರಲ್ಲಿ, ಬೀಳಗಿಯಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆ; ಆಗ ವಿಜಾಪುರ ಜಿಲ್ಲೆ. ಗಾಂಧೀಜಿಯ ಪ್ರಭಾವಕ್ಕೆ ಒಳಗಾದ ಅವರು 1943ರಿಂದ ಊರೂರಿಗೆ ಹೋಗಿ ಉಚಿತ ಕಣ್ಣಿನ ಶಿಬಿರ ನಡೆಸಿದರು. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ರೋಗಿಯ ಹತ್ತಿರ ಹೋಗಬೇಕು ಎಂಬುದು ಅವರ ದಾರಿ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. 1993ರ ಫೆಬ್ರುವರಿವರೆಗಿನ ಲೆಕ್ಕ 6,10,564 ಆಪರೇಷನ್. (ಇಂದಿನ ಸುರಕ್ಷತಾ ನಿಯಮಗಳಲ್ಲಿ ಒಂದು ದಿನಕ್ಕೆ 833 ಸಾಧ್ಯವೂ ಇಲ್ಲ, ಆಗಬಾರದು ಕೂಡ. ಆದರೆ ಆಗ ಹಳ್ಳಿಗೆ ಬೇರೆ ಕಣ್ಣಿನ ಡಾಕ್ಟರೇ ಇರಲಿಲ್ಲ.) 2005ರ ನವೆಂಬರ್ 11ರಂದು ಅವರು ತೀರಿಕೊಂಡರು.

ಅವರು ಕೆಲಸ ಶುರು ಮಾಡಿದ ದಿನಗಳಲ್ಲಿ ಪೊರೆ ಆಪರೇಷನ್ ಎಂದರೆ ದೊಡ್ಡ ಗಾಯ. ಮಸೂರ ತೆಗೆದ ಜಾಗದಲ್ಲಿ ಇನ್ನೊಂದನ್ನು ಇಡುತ್ತಿರಲಿಲ್ಲ. ಆಮೇಲೆ ಜೀವಮಾನವಿಡೀ ದಪ್ಪ ಗಾಜಿನ ಕನ್ನಡಕ. ಸ್ವಲ್ಪವಾದರೂ ಕಾಣುತ್ತಿದ್ದವರಿಗೆ ಇದರಿಂದ ಲಾಭ ಕಡಿಮೆ. ಹಾಗಾಗಿ ಪೂರ್ತಿ ಬಲಿಯಲಿ ಎಂದು ಕಾಯುವುದರಲ್ಲಿ ಅರ್ಥವಿತ್ತು. ಈಗ ಸಣ್ಣ ಗಾಯ, ಒಳಗೇ ಕೃತಕ ಮಸೂರ. ಕಾರಣ ಹೋಯಿತು, ಮಾತು ಉಳಿಯಿತು. ಚಳಿಗಾಲದಲ್ಲೇ ಮಾಡಿಸಬೇಕು ಎಂಬುದೂ ಹಾಗೇ. ಈಗ ಯಾವ ತಿಂಗಳಾದರೂ ಸರಿ.

ಕಾಯುವುದರಲ್ಲಿ ಅಪಾಯ ಎಲ್ಲಿದೆ? ಅತಿಯಾಗಿ ಬಲಿತ ಪೊರೆ ಊದಿಕೊಂಡು ಕಣ್ಣೊಳಗಿನ ನೀರು ಹೊರಹೋಗುವ ದಾರಿಯನ್ನು ಮುಚ್ಚಬಹುದು, ಇಲ್ಲವೇ ಸೋರಿ ಆ ದಾರಿಯನ್ನು ಕಟ್ಟಿಸಬಹುದು. ಆಗ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಲೆನೋವು, ವಾಂತಿಯೂ ಬರಬಹುದು. ಏರಿದ ಒತ್ತಡದ ಪೆಟ್ಟು ಬೀಳುವುದು ಕಣ್ಣಿನ ಹಿಂದೆ, ದೃಷ್ಟಿನರ ಹೊರಡುವ ಜಾಗದ ಮೇಲೆ.

ಆ ನರ ಒಂದೇ ದಾರವಲ್ಲ, ಸುಮಾರು 10 ಲಕ್ಷ ಎಳೆಗಳ ಕಟ್ಟು. ಪ್ರತಿ ಎಳೆಯ ಬುಡದ ಕೋಶ ಇರುವುದು ಕಣ್ಣೊಳಗಿನ ರೆಟಿನಾದಲ್ಲಿ. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಚಾಟ್ನಿ ಮಾಡಿದ ಬಳ್ಳಿ ಮತ್ತೆ ಚಿಗುರುತ್ತದೆ. ಈ ಎಳೆಗಳು ಚಿಗುರುವುದಿಲ್ಲ. ನರದಲ್ಲಿ ಪೆಟ್ಟಾದರೆ, ವಾರ-ತಿಂಗಳುಗಳಲ್ಲಿ ಹಿಂದಕ್ಕೆ ರೆಟಿನಾದ ಕೋಶವೂ ಸಾಯುತ್ತದೆ, ಆ ಪದರ ತೆಳ್ಳಗಾಗುತ್ತದೆ. ಬೆಳಕು ಹಿಡಿಯುವ ಕೋಶಗಳು ಚೆನ್ನಾಗಿದ್ದರೂ ಸುದ್ದಿ ಮಿದುಳಿಗೆ ತಲುಪುವುದಿಲ್ಲ. ಆಮೇಲೆ ಎಷ್ಟೇ ಚೆಂದಾಗಿ ಪೊರೆ ತೆಗೆದರೂ ಹೋದ ದೃಷ್ಟಿ ವಾಪಸ್ ಬಾರದು.

ಗ್ಲಾಕೋಮಾದಲ್ಲೂ ನಡೆಯುವುದು ಇದೇ, ಎಷ್ಟೋ ಸಲ ನೋವಿಲ್ಲದೆ. ಮೊದಲು ಅಂಚಿನ ನೋಟ ಹೋಗುತ್ತದೆ. ಮನೆಯವರು ಪೊರೆ ಬಂದಿರಬೇಕು ಎಂದುಕೊಂಡು ಕಾಯುತ್ತಾರೆ. ದಿನವೂ ಹಾಕುವ ಔಷಧಿಯ ಹನಿ ಉಳಿದ ಎಳೆಗಳನ್ನು ಕಾಪಾಡುತ್ತದೆ, ಸತ್ತದ್ದನ್ನು ಎಬ್ಬಿಸುವುದಿಲ್ಲ. ಜೇನುತುಪ್ಪ, ಈರುಳ್ಳಿ ರಸದ ಫಾರ್ವರ್ಡ್‌ಗಳಿಂದ ಎರಡೂ ಆಗುವುದಿಲ್ಲ, ಕಣ್ಣು ಉರಿಯುತ್ತದೆ ಅಷ್ಟೇ.

ಮೋದಿ ಅವರು ಲಕ್ಷಾಂತರ ಜನರಿಗೆ ಕಣ್ಣು ಕೊಡಲು ಆದದ್ದು ಆ ಕಣ್ಣುಗಳ ಪೊರೆಯ ಹಿಂದೆ ನರ ಜೀವಂತವಿದ್ದುದರಿಂದ. ಆಪರೇಷನ್‌ಗೆ ಮೊದಲು ಡಾಕ್ಟರು ಕಣ್ಣಿನ ಒತ್ತಡ ಅಳೆಯುವುದು, ಟಾರ್ಚ್ ಬಿಟ್ಟು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳುವುದು, ಪಾಪೆ ಕುಗ್ಗುತ್ತದೆಯೇ ಎಂದು ನೋಡುವುದು ಇದಕ್ಕೇ. ನಿಮ್ಮ ಮನೆಯ ಅಜ್ಜಿಗೆ, ಮುತ್ಯಾಗೆ ಪೊರೆ ಇದೆ ಎಂದಿದ್ದರೆ, ಆ ಎರಡು ನಿಮಿಷದ ಪರೀಕ್ಷೆ ಆಗಿದೆಯೇ ಎಂದು ಕೇಳಿ.