ಬಡವರ ವಾರ್ಡಿನಲ್ಲಿ ಹುಟ್ಟಿದ ಔಷಧ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಿಯಾಲ್ದಾ ಬಳಿಯ ಕ್ಯಾಂಪ್‌ಬೆಲ್ ಆಸ್ಪತ್ರೆ ಬೇರೆಲ್ಲೂ ದಿಕ್ಕಿಲ್ಲದವರು ಬಂದು ಸೇರುವ ಧರ್ಮಾಸ್ಪತ್ರೆಯಾಗಿತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಒಂದು ಬಗೆಯ ರೋಗಿಗಳನ್ನು ದೂರದಿಂದಲೇ ಗುರುತಿಸಬಹುದಿತ್ತು: ಕಡ್ಡಿಯಂಥ ಕೈಕಾಲು, ಗುಲ್ಮ ಬೆಳೆದು ಉಬ್ಬಿದ ಹೊಟ್ಟೆ, ಕಪ್ಪಡರಿದ ಮುಖ, ತಿಂಗಳುಗಟ್ಟಲೆ ಬಿಡದ ಜ್ವರ. ಅದು ಕಾಲಾ ಅಜಾರ್. ಬಹುಕಾಲ ಅದನ್ನು ಮಲೇರಿಯಾದ ಒಂದು ರೂಪವೆಂದೇ ಭಾವಿಸಿ ಕ್ವಿನೈನ್ ಕೊಡಲಾಗುತ್ತಿತ್ತು. 1903ರಲ್ಲಿ ಲೀಶ್‌ಮನ್ ಮತ್ತು ಮದರಾಸಿನ ಡೊನೊವನ್ ಅದರ ಪರಾವಲಂಬಿ ಜೀವಿಯನ್ನು ಗುರುತಿಸಿದರು. ರೋಗಕಾರಕವೇನೋ ತಿಳಿಯಿತು, ಮದ್ದು ಮಾತ್ರ ಸಿಗಲಿಲ್ಲ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಸಾಯುವುದು ಮುಂದುವರಿಯಿತು.

1905ರಲ್ಲಿ ಆ ಆಸ್ಪತ್ರೆಗೆ ವೈದ್ಯರಾಗಿ ಬಂದವರು ಉಪೇಂದ್ರನಾಥ ಬ್ರಹ್ಮಚಾರಿ. 1873ರಲ್ಲಿ ಜನಿಸಿದ ಅವರು ರೈಲ್ವೆ ವೈದ್ಯರೊಬ್ಬರ ಮಗ. ಗಣಿತ, ರಸಾಯನಶಾಸ್ತ್ರ ಓದಿದ ಮೇಲೆ ವೈದ್ಯವಿದ್ಯೆಗೆ ಹೊರಳಿದರು, ಎಂ.ಡಿ., ಪಿಎಚ್.ಡಿ. ಪದವಿಗಳೆರಡನ್ನೂ ಪಡೆದರು. ವಾರ್ಡಿನಲ್ಲಿ ರೋಗಿಯ ಹೊಟ್ಟೆ ಮುಟ್ಟಿ ನೋಡುವ ಕೈಯೇ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆ ಹಿಡಿಯಬಲ್ಲದಾಗಿತ್ತು. ಅದೇ ಮುಂದೆ ನಿರ್ಣಾಯಕವಾಯಿತು.

1915ರ ಹೊತ್ತಿಗೆ ಟಾರ್ಟಾರ್ ಎಮೆಟಿಕ್ ಎಂಬ ಆಂಟಿಮನಿ ಲವಣವನ್ನು ರಕ್ತನಾಳಕ್ಕೆ ಚುಚ್ಚುವ ಚಿಕಿತ್ಸೆ ಸಿಸಿಲಿಯಲ್ಲೂ ಭಾರತದಲ್ಲೂ ಆರಂಭವಾಯಿತು. ಅದು ಕೆಲವರನ್ನು ಬದುಕಿಸಿತು, ಆದರೆ ವಿಷಕಾರಿ, ತಿಂಗಳುಗಟ್ಟಲೆ ಚುಚ್ಚಿಸಿಕೊಳ್ಳಬೇಕಿತ್ತು. ದಿನಗೂಲಿಯ ಮನುಷ್ಯ ಅಷ್ಟು ಕಾಲ ಆಸ್ಪತ್ರೆಯಲ್ಲಿ ಮಲಗಿದರೆ ಮನೆಯ ಒಲೆ ಉರಿಯುವುದು ಹೇಗೆ? ಅರ್ಥಶಾಸ್ತ್ರ ಓದಿ, ಆಯವ್ಯಯದ ಕಡತಗಳ ನಡುವೆ ಬದುಕು ಸವೆಸಿದ ನನಗೆ ಇಲ್ಲಿ ಚಿಕಿತ್ಸೆಯ ಅವಧಿಯೇ ಅದರ ನಿಜವಾದ ಬೆಲೆಯೆಂದು ತೋರುತ್ತದೆ.

ಕಡಿಮೆ ವಿಷದ, ಬೇಗ ಗುಣ ಕೊಡುವ ಆಂಟಿಮನಿ ಸಂಯುಕ್ತಕ್ಕಾಗಿ ಬ್ರಹ್ಮಚಾರಿ ಹುಡುಕಾಟ ಆರಂಭಿಸಿದರು. ಆಸ್ಪತ್ರೆ ಅವರಿಗೆ ಒದಗಿಸಿದ್ದು ಒಂದು ಇಕ್ಕಟ್ಟಾದ ಕೋಣೆಯನ್ನು. ಅದರಲ್ಲಿ ಅನಿಲ ಸಂಪರ್ಕವಿರಲಿಲ್ಲ, ನೀರಿನ ನಲ್ಲಿಯಿರಲಿಲ್ಲ, ವಿದ್ಯುತ್ತೂ ಇರಲಿಲ್ಲ. ರಾತ್ರಿ ಸೀಮೆಎಣ್ಣೆ ದೀಪದಲ್ಲೇ ಕೆಲಸ. ಭಾರತೀಯ ಸಂಶೋಧನಾ ನಿಧಿ ಸಂಘದ ಧನಸಹಾಯ ದೊರೆತದ್ದು 1919ರ ಕೊನೆಗೆ. ಒಂದಾದ ಮೇಲೊಂದು ಸಂಯುಕ್ತ ಕೈಕೊಟ್ಟ ನಂತರ ಯೂರಿಯಾ ಸ್ಟಿಬಮೈನ್ ಸಿದ್ಧವಾಯಿತು. 1922ರಲ್ಲಿ ಅದರ ಫಲಿತಾಂಶಗಳು ಪ್ರಕಟವಾದವು. ತಿಂಗಳುಗಳ ಚಿಕಿತ್ಸೆ ಕೆಲವೇ ವಾರಗಳಿಗೆ ಇಳಿಯಿತು.

ಮೊದಲ ಚುಚ್ಚುಮದ್ದುಗಳನ್ನು ತಾಳಿಕೊಂಡವರು ಧರ್ಮಾಸ್ಪತ್ರೆಯ ಬಡ ರೋಗಿಗಳು. ಇಂದಿನ ಅರ್ಥದ ಲಿಖಿತ ಸಮ್ಮತಿ ಅಂದು ರೂಢಿಯಲ್ಲಿರಲಿಲ್ಲ. ಬ್ರಹ್ಮಚಾರಿಯವರ ಹೆಸರಿನ ಜೊತೆಗೆ ಆ ಹೆಸರಿಲ್ಲದವರನ್ನೂ ನೆನೆಯದಿದ್ದರೆ ಕಥೆ ಅರ್ಧವಾದೀತು.

1924ರಲ್ಲಿ ಅವರು ತಮ್ಮ ಮನೆಯಲ್ಲೇ ಸಂಶೋಧನಾ ಸಂಸ್ಥೆ ತೆರೆದು ಔಷಧ ತಯಾರಿಸಿದರು. ಅಸ್ಸಾಮಿನಲ್ಲಿ ಊರೂರನ್ನೇ ಬರಿದುಮಾಡಿದ್ದ ರೋಗ ಹಿಮ್ಮೆಟ್ಟಿತು. 1929ರಲ್ಲಿ ಅವರ ಹೆಸರು ನೊಬೆಲ್‌ಗೆ ನಾಮಕರಣಗೊಂಡಿತು, ಪ್ರಶಸ್ತಿ ಬರಲಿಲ್ಲ. 1934ರಲ್ಲಿ ಸರ್ ಪದವಿ ಬಂತು. ಸ್ವಾತಂತ್ರ್ಯ ಕಾಣದೆ 1946ರ ಫೆಬ್ರುವರಿ 6ರಂದು ತೀರಿಕೊಂಡರು. ಮರಳು ನೊಣದ ಕಡಿತದಿಂದಲೇ ಈ ರೋಗ ಮನುಷ್ಯನಿಗೆ ತಗಲುತ್ತದೆಂಬುದು ಖಚಿತವಾದದ್ದು 1942ರಲ್ಲಿ, ಅಂದರೆ ಮದ್ದು ಬಂದು ಇಪ್ಪತ್ತು ವರ್ಷಗಳ ಮೇಲೆ. ಕ್ಯಾಂಪ್‌ಬೆಲ್ ಆಸ್ಪತ್ರೆಗೆ ಈಗ ನೀಲರತನ್ ಸರ್ಕಾರ್ ವೈದ್ಯಕೀಯ ಕಾಲೇಜೆಂಬ ಹೆಸರು.

ಆಂಟಿಮನಿಯ ಕಾಲವೂ ಮುಗಿಯಿತು. ಶತಮಾನದ ಕೊನೆಯ ಹೊತ್ತಿಗೆ ಉತ್ತರ ಬಿಹಾರದ ರೋಗಾಣುಗಳು ಅದಕ್ಕೆ ಬಗ್ಗದಾದವು. ಈಗ ಬೇರೆ ಔಷಧವನ್ನು ಒಂದೇ ಸಲ ರಕ್ತನಾಳಕ್ಕೆ ಕೊಟ್ಟು ಗುಣಪಡಿಸುತ್ತಾರೆ. 2023ರಲ್ಲಿ ನಮ್ಮ ದೇಶ, ರೋಗವಿರುವ ಪ್ರತಿ ಬ್ಲಾಕ್‌ನಲ್ಲಿಯೂ ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಒಂದಕ್ಕಿಂತ ಕಡಿಮೆ ಪ್ರಕರಣವೆಂಬ ಗುರಿ ಮುಟ್ಟಿತು.

ಆದರೆ 1922ರಲ್ಲಿಯೇ ಬ್ರಹ್ಮಚಾರಿ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದರು. ಗುಣವಾದ ಕೆಲವರ ಚರ್ಮದ ಮೇಲೆ ಕಾಲಾನಂತರ ಬಿಳಿಚಿದ ಮಚ್ಚೆ, ಗಂಟುಗಳು ಏಳುತ್ತಿದ್ದವು. ಅವುಗಳಲ್ಲಿ ಅದೇ ಪರಾವಲಂಬಿ ಅಡಗಿರುತ್ತಿತ್ತು. ಆ ಮಚ್ಚೆಗಳು ನೋಯುವುದಿಲ್ಲ, ಜ್ವರ ತರುವುದಿಲ್ಲ, ಕೂಲಿ ಕೆಲಸಕ್ಕೆ ಅಡ್ಡಿಯಾಗುವುದೂ ಇಲ್ಲ. ಆದ್ದರಿಂದ ಅಂಥವರು ತಾವಾಗಿ ಆಸ್ಪತ್ರೆಗೆ ಬರುವುದು ಅಪರೂಪ. ಅವರನ್ನು ಕಡಿದ ಮರಳು ನೊಣ ಮಾತ್ರ ರೋಗವನ್ನು ಇನ್ನೊಬ್ಬರಿಗೆ ದಾಟಿಸಬಲ್ಲದು.