ಊರು ಕಟ್ಟಿ ಊರು ಬಿಟ್ಟ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

ಸೊಲ್ಲಾಪುರದ ಗ್ರಾಮದೈವ, ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು 12ನೆಯ ಶತಮಾನದ ಮಹಾಶರಣರು. ಅಂದಿನ ಸೊನ್ನಲಿಗೆಯ ಮುದ್ದುಗೌಡ ಹಾಗೂ ಸುಗ್ಗಲಾದೇವಿ ದಂಪತಿಗಳಿಗೆ ರೇವಣಸಿದ್ಧರ ಆಶೀರ್ವಾದದಿಂದ ಜನಿಸಿದರೆಂದು ಪುರಾಣಗಳು ಸಾರುತ್ತವೆ. ಬಾಲಕನಿಗೆ ಮಾತು ಕಡಿಮೆ, ಆಟಪಾಟಗಳಲ್ಲಿ ಮನಸ್ಸಿಲ್ಲ. ಇದನ್ನು ಕಂಡ ಜನ ಆತನನ್ನು ಮಂದಮತಿಯೆಂದು ಬಗೆದರು. ದನ ಕಾಯುವ ಕೆಲಸಕ್ಕೆ ಕಳಿಸಿದರು. ಹುಟ್ಟಿದೂರಿನಲ್ಲಿಯೇ ಆತನು ಪರಕೀಯನಂತೆ ಬೆಳೆದನು.

ಒಂದು ದಿನ ಶ್ರೀಶೈಲದ ಮಲ್ಲಯ್ಯನು ಜಂಗಮರೂಪದಿಂದ ಹೊಲಕ್ಕೆ ಬಂದು ಹಸಿವೆಂದು ಉಣಿಸು ಬೇಡಿದನು. ಬಾಲಕನು ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಜಂಗಮನು ಅಲ್ಲಿರಲಿಲ್ಲ. ಅಳುತ್ತ ಯಾತ್ರಿಕರೊಡನೆ ಶ್ರೀಶೈಲಕ್ಕೆ ನಡೆದ ಬಾಲಕನು ಅಲ್ಲಿಯೂ ಕಾಣದೆ ಕಮರಿಗೆ ಹಾರಲು ಸಿದ್ಧನಾದಾಗ ಮಲ್ಲಿಕಾರ್ಜುನನೇ ಪ್ರತ್ಯಕ್ಷನಾಗಿ ಕೈಹಿಡಿದನು. ಸೊನ್ನಲಿಗೆಗೆ ಮರಳಿ ಅದನ್ನು ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಹರಸಿದನು.

ಹಾಗೆಯೇ ಆಯಿತು. ಸಿದ್ಧರಾಮರು ಊರಿನಲ್ಲಿ 68 ಲಿಂಗಗಳನ್ನು ಸ್ಥಾಪಿಸಿ, ಕೆರೆ ಕಟ್ಟಿಸಿ, ಸಾವಿರಾರು ಜನರನ್ನು ಲೋಕಹಿತದ ಕಾಯಕಕ್ಕೆ ಹಚ್ಚಿದರು. ಈ ವೈಭವವನ್ನು ರಾಘವಾಂಕ ಕವಿಯು 'ಸಿದ್ಧರಾಮ ಚಾರಿತ್ರ'ದಲ್ಲಿ ಬಣ್ಣಿಸಿದ್ದಾನೆ. ಆದರೆ ಸತ್ಕಾರ್ಯವೂ ಮೋಹವಾಗಬಲ್ಲದು. ನನ್ನ ಊರು, ನನ್ನ ಕೆರೆ ಎಂಬ ಎಳೆ ಅವರ ಮನಸ್ಸಿನಲ್ಲಿ ಸದ್ದಿಲ್ಲದೆ ಬಿಗಿಯತೊಡಗಿತ್ತು.

ಆ ಎಳೆ ಕಡಿದ ಬಗೆಯನ್ನು 'ಶೂನ್ಯಸಂಪಾದನೆ' ತಿಳಿಸುತ್ತದೆ. ಅಲ್ಲಮಪ್ರಭುಗಳು ಕೆರೆಯ ಕೆಲಸ ನಡೆದಲ್ಲಿಗೆ ಬಂದು, ಕಲ್ಲುಮಣ್ಣಿನ ಒಡ್ಡನೆಂದು ಸಿದ್ಧರಾಮರನ್ನು ಮೂದಲಿಸಿದರು. ಕೆರಳಿದ ಕೆಲಸಗಾರರು ಕಲ್ಲೆಸೆದರು. ಸಿದ್ಧರಾಮರು ಕೋಪದಿಂದ ಉರಿಗಣ್ಣು ತೆರೆದರು. ಆ ಉರಿಯಿಂದ ತಾವು ಕಟ್ಟಿದ ಊರೇ ಬೇಯುವಂತಾದಾಗ ಅವರು ತಲ್ಲಣಿಸಿದರು. ಪ್ರಭುಗಳು ಬೆಂಕಿಯನ್ನು ಶಮನಗೊಳಿಸಿದರು. ಲಿಂಗವನ್ನು ಹೊರಗೆ ಸ್ಥಾಪಿಸಿದವರು ಒಳಗೆ ಅರಿತಿರಲಿಲ್ಲವೆಂಬ ತಿಳಿವು ಆಗ ಮೂಡಿತು.

ಅವರು ಸೊನ್ನಲಿಗೆಯನ್ನು ಬಿಟ್ಟು ಪ್ರಭುಗಳೊಡನೆ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ನಡೆದರು. ತಮ್ಮೂರಿನಲ್ಲಿ ಗುರುವೆನಿಸಿದ್ದವರು ಅಲ್ಲಿ ಶಿಷ್ಯರಾಗಿ ನಿಂತರು. ಇಷ್ಟಲಿಂಗ ತನಗೇಕೆಂದು ಮೊದಲು ಹಿಂಜರಿದರೂ, ಕೊನೆಗೆ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಮುಂದೆ ಶೂನ್ಯಸಿಂಹಾಸನವನ್ನೂ ಏರಿದರೆಂದು ಪರಂಪರೆ ಹೇಳುತ್ತದೆ. 'ಕಪಿಲಸಿದ್ಧಮಲ್ಲಿಕಾರ್ಜುನ' ಅಂಕಿತದ ಅವರ ಸಾವಿರಕ್ಕೂ ಹೆಚ್ಚು ವಚನಗಳು ಇಂದು ದೊರೆತಿವೆ.

ಕಲ್ಯಾಣದ ಕ್ರಾಂತಿಯ ತರುವಾಯ ಅವರು ಸೊನ್ನಲಿಗೆಗೆ ಮರಳಿ ಅಲ್ಲಿಯೇ ಸಮಾಧಿಸ್ಥರಾದರು. ಊರು ಅದೇ, ಕೆರೆಯೂ ಅದೇ. ಮರಳಿ ಬಂದವರಲ್ಲಿ ಮಾತ್ರ ತನ್ನದೆಂಬ ಭಾವ ಉಳಿದಿರಲಿಲ್ಲ. ಹಳೆಯ ಮಮತೆ ಕಳಚಿದ್ದರಿಂದಲೇ ಆ ಊರು ಎಲ್ಲರ ಊರಾಯಿತು. ಇಂದಿಗೂ ಮಕರ ಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಕನ್ನಡ, ಮರಾಠಿ, ತೆಲುಗು ಮಾತನಾಡುವ ಭಕ್ತರು ಒಂದೇ ಕೊರಳಿನಿಂದ ಜಯಕಾರ ಹಾಕುತ್ತಾರೆ.

ಉದ್ಯೋಗಕ್ಕಾಗಿ ದೂರ ಹೋಗಿ, ಜಾತ್ರೆಗೆಂದು ಬಂದಾಗ ಹುಟ್ಟಿದೂರು ಅಪರಿಚಿತವೆನಿಸಿ ಕಳವಳಗೊಳ್ಳುವ ಸದ್ಭಕ್ತರಿಗೆ ಈ ಚರಿತ್ರೆ ಸಮಾಧಾನ ನೀಡಲಿ. ಶ್ರೀ ಸಿದ್ಧರಾಮೇಶ್ವರರ ಕೃಪೆ ಸಕಲರ ಮೇಲಿರಲಿ.